ಸಂಚಾರಿ ನಾಟಕ ಮಂಡಳಿಯೂ ಜಾತ್ರೆಯ ಬಯಲೂ

ಸಂಚಾರಿ ರಂಜನೋದ್ಯಮವು ಕುಟುಂಬವನ್ನು ಆಶ್ರಯಿಸಿ ಬೆಳೆದುದಕ್ಕೆ ಕನ್ನಡನಾಡಿನಲ್ಲಿ ಗುಬ್ಬಿ ನಾಟಕ ಮಂಡಳಿಯು ಉತ್ತಮ ನಿದರ್ಶನ. 1884ರಲ್ಲಿ ಹುಟ್ಟಿದ ಈ ಮಂಡಳಿಗೆ ಬಾಲನಟರಾಗಿ ಸೇರಿದ ವೀರಣ್ಣನವರು 1917ರಲ್ಲಿ ಅದರ ಒಡೆತನವನ್ನು ವಹಿಸಿಕೊಂಡರು. ಪತ್ನಿಯರೂ ಮಕ್ಕಳೂ ರಂಗವೇರಿದರು, ಮನೆಯೇ ಮಂಡಳಿಯಾಯಿತು. 1934ರ 'ಕುರುಕ್ಷೇತ್ರ'ದಲ್ಲಿ ಆನೆ ಕುದುರೆಗಳೂ ರಂಗಕ್ಕೆ ಬಂದವು.

ಇಂಥ ಸಂಸಾರದ ಸಂಚಾರಕ್ಕೆ ಬಯಲೂ ಬೇಕು, ಕೈಯಲ್ಲಿ ಕಾಸುಳ್ಳ ಪ್ರೇಕ್ಷಕರೂ ಬೇಕು. ಶಿವಮೊಗ್ಗೆ ಮತ್ತು ಭದ್ರಾವತಿಗಳು ಇದರ ಎರಡು ಬಗೆಗಳನ್ನು ತೋರುತ್ತವೆ. ಶಿವಮೊಗ್ಗೆಯಲ್ಲಿ ಎರಡು ವರ್ಷಗಳಿಗೊಮ್ಮೆ ನಡೆಯುವ ಕೋಟೆ ಮಾರಿಕಾಂಬಾ ಜಾತ್ರೆಯು ಜನರನ್ನು ಕೆಲವೇ ದಿನ ಕೂಡಿಸುತ್ತದೆ. ವರ್ಷವಿಡೀ ಉಣಬೇಕಾದ ಮಂಡಳಿಗೆ ಅಷ್ಟು ಸಾಲದು. ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯಲ್ಲಾದರೋ 1923ರಲ್ಲಿ ಕಬ್ಬಿಣದ ಕಾರ್ಖಾನೆಯು ಉತ್ಪಾದನೆಗೆ ತೊಡಗಿತು. 1936ರಲ್ಲಿ ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಇಂಥ ಊರಿನಲ್ಲಿ ಸಂಬಳದ ದಿನವೇ ಜಾತ್ರೆಯ ದಿನವೆನ್ನಬಹುದು.

ದೇವಸ್ಥಾನಕ್ಕೆ ಶಾಸನವುಂಟು, ಕಾರ್ಖಾನೆಗೆ ಕಡತವುಂಟು. ಡೇರೆ ಕಿತ್ತು ಮುಂದಿನ ಊರಿಗೆ ನಡೆದವರಿಗೆ ಅವೆರಡೂ ದುರ್ಲಭ. ಅಂಥವರ ಚರಿತ್ರೆಯನ್ನು ಕರಪತ್ರಗಳಲ್ಲಿ, ಲೆಕ್ಕದ ಪುಸ್ತಕಗಳಲ್ಲಿ, ವೃದ್ಧರ ನೆನಪಿನಲ್ಲಿ ಅರಸಬೇಕು. ನೆನಪಿಗೆ ಆಯುಸ್ಸು ಕಡಿಮೆಯಾದ್ದರಿಂದ ಈ ಸಂಗ್ರಹಕಾರ್ಯವನ್ನು ಆಯಾ ಊರಿನ ವಿದ್ಯಾರ್ಥಿಗಳು ತಡಮಾಡದೆ ಕೈಗೊಳ್ಳತಕ್ಕದ್ದು.