‘ಬೆಂದ’ ಮತ್ತು ‘ಸಾಡ್’: ಒಂದು ಊರಿನ ಹೆಸರಿನ ವಿಚಾರ

ಪಶ್ಚಿಮ ಬೆಂಗಳೂರಿನ ವಿಜಯನಗರದಂತಹ ಬಡಾವಣೆಯ ಹೆಸರಿಗೆ ಅರ್ಥ ಹೇಳುವುದು ಸುಲಭ; ಇಟ್ಟವರು ಅರ್ಥವನ್ನು ತಿಳಿದೇ ಇಟ್ಟರು. ಹಳೆಯ ಊರಾದ ಬೆಂಗಳೂರಿನ ವಿಷಯ ಹಾಗಲ್ಲ. ಬೇಟೆಯಲ್ಲಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳೆಂದೂ, ಅದರಿಂದ ‘ಬೆಂದಕಾಳೂರು’ ಎಂಬ ಹೆಸರಾಯಿತೆಂದೂ ಕಥೆಯಿದೆ. ಇಂಗ್ಲಿಷಿನಲ್ಲಿ ಬರೆಯುವವರು ಈ ‘ಬೆಂದ’ ಎಂಬುದನ್ನು ‘ಬಾಯ್ಲ್ಡ್’ ಎಂದು ಅನುವಾದಿಸುತ್ತಾರೆ. ಈ ಎರಡು ಭೂತಕಾಲದ ರೂಪಗಳನ್ನು ನಾವು ಇಲ್ಲಿ ಸ್ವಲ್ಪ ಪರಿಶೀಲಿಸೋಣ.

‘ಬಾಯ್ಲ್’ ಇಂಗ್ಲಿಷಿನ ಮೂಲ ಸ್ವತ್ತಲ್ಲ. ನೀರಗುಳ್ಳೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಹುಟ್ಟಿ, ಫ್ರೆಂಚಿನ ಮೂಲಕ ಬಂದುದು. ಅದಕ್ಕೆ ಮೊದಲು ಆ ಕೆಲಸವನ್ನು ‘ಸೀದ್’ ಎಂಬ ದೇಶ್ಯ ಧಾತು ಮಾಡುತ್ತಿದ್ದಿತು. ಅದರ ಭೂತಕಾಲ ‘ಸಾಡ್’, ಕೃದಂತ ‘ಸಾಡನ್’. 1611ರ ಇಂಗ್ಲಿಷ್ ಬೈಬಲಿನಲ್ಲಿ ಯಾಕೋಬನು ಅಡಿಗೆ ಬೇಯಿಸಿದನೆಂಬಲ್ಲಿ ‘ಸಾಡ್’ ಎಂದೇ ಇದೆ. ಬಳಲಿ ಬಂದ ಏಸಾವನು ಆ ಬೇಳೆಯ ಅಡಿಗೆಗಾಗಿ ಜ್ಯೇಷ್ಠತ್ವವನ್ನೇ ಮಾರಿದನು. ಹಸಿದವನೊಬ್ಬನಿಗೆ ಬೆಂದ ಕಾಳು ದೊರೆತ ಕಥೆ ನಮ್ಮದೊಂದೇ ಅಲ್ಲವೆಂಬುದು ಗಮನಾರ್ಹ. ಕಾಲಕ್ರಮದಲ್ಲಿ ‘ಸಾಡ್’ ಬಳಕೆ ತಪ್ಪಿತು; ‘ಸಾಡನ್’ ಎಂದರೆ ಈಗ ನೀರಲ್ಲಿ ನೆನೆದು ತೊಪ್ಪೆಯಾದದ್ದು; ‘ಸೀದ್’ ಹೆಚ್ಚಾಗಿ ಕೋಪದಿಂದ ಒಳಗೊಳಗೇ ಕುದಿಯುವುದಕ್ಕೆ ಮೀಸಲಾಗಿದೆ. (ನಮ್ಮ ‘ಸೀದ’ ಅನ್ನಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಧ್ವನಿಸಾಮ್ಯವು ಎಷ್ಟು ಸುಲಭವಾಗಿ ದಾರಿ ತಪ್ಪಿಸುವುದೆಂಬುದಕ್ಕೆ ಇದೇ ಉದಾಹರಣೆ.)

ಕನ್ನಡದ ‘ಬೆಂದ’ ಮಾತ್ರ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ. ‘ಬೇ’ ಎಂಬ ದೀರ್ಘ ಧಾತು ಭೂತಕಾಲದಲ್ಲಿ ಹ್ರಸ್ವವಾಗುತ್ತದೆ. ನೋಯು–ನೊಂದ, ಮೀಯು–ಮಿಂದ ಎಂಬಂತೆ. ತಮಿಳಿನಲ್ಲಿಯೂ ‘ವೇ’ ಎಂಬುದಕ್ಕೆ ‘ವೆಂದ’ ಎಂದೇ ಇರುವುದರಿಂದ ಈ ರೂಪದ ಪ್ರಾಚೀನತೆ ಸ್ಪಷ್ಟ. ಇದರ ಅರ್ಥವ್ಯಾಪ್ತಿಯೂ ದೊಡ್ಡದು. ‘ಬೆಂದ ಮನೆಯಲ್ಲಿ ಹಿರಿದದ್ದೇ ಲಾಭ’ ಎಂಬ ಗಾದೆಯಲ್ಲಿ ಅದು ಸುಟ್ಟದ್ದು. ನೊಂದು ಬೆಂದ ಜೀವದಲ್ಲಿ ಅದು ಸಂಕಟ. ಮೇಲಾಗಿ ಅದು ಅಕರ್ಮಕ: ಕಾಳು ತಾನೇ ಬೆಂದಿತು, ಮುದುಕಿ ಅದನ್ನು ಬೇಯಿಸಿದಳು. ‘ಬಾಯ್ಲ್ಡ್’ ಎಂಬ ಒಂದೇ ರೂಪ ಎರಡಕ್ಕೂ ಸಲ್ಲುವುದರಿಂದ ಅನುವಾದದಲ್ಲಿ ಈ ಭೇದ ಅಳಿಸಿಹೋಗುತ್ತದೆ.

ಆದರೆ ಊರಿನ ಹೆಸರಿನಲ್ಲಿ ‘ಬೆಂದ’ ಇದ್ದಿತೇ? ಬೇಗೂರಿನಲ್ಲಿರುವ, ಸುಮಾರು ಕ್ರಿ.ಶ. 900ರ ಗಂಗರ ಕಾಲದ ವೀರಗಲ್ಲು ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ಇಮ್ಮಡಿ ಬಲ್ಲಾಳನು ಪಟ್ಟಕ್ಕೆ ಬಂದದ್ದು 1173ರಲ್ಲಿ. ಕಥೆ ನಿಜವಾಗಬೇಕಾದರೆ ರಾಜನು ಹುಟ್ಟುವ ಎರಡು ಶತಮಾನಗಳಿಗೂ ಮೊದಲೇ ಅವನು ತಿಂದ ಕಾಳಿನ ಹೆಸರು ಊರಿಗೆ ಬಂದಿರಬೇಕು. ಅಷ್ಟೇ ಅಲ್ಲ, ‘ದ’ಕಾರ ಲೋಪವಾಗಿ ‘ಕಾ’ ಎಂಬುದು ‘ಗ’ ಎಂದು ಸವೆದೂ ಇರಬೇಕು. ಇದು ಒಪ್ಪತಕ್ಕ ಮಾತಲ್ಲ. ಹೆಸರನ್ನು ಬೆಂಗೆಯ ಮರಕ್ಕೋ ಬೆಂಗಾವಲಿಗೋ ಜೋಡಿಸುವವರಿದ್ದಾರೆ; ಅವುಗಳಲ್ಲಿ ಯಾವುದನ್ನೂ ಶಾಸನವು ಹೇಳುವುದಿಲ್ಲ. ‘ಬೆಂಗಳೂರು’ ಎಂಬುದನ್ನು ಕೇಳಿದ ಕನ್ನಡಿಗನ ಕಿವಿಗೆ ತನ್ನ ಅಡಿಗೆಮನೆಯ ‘ಬೆಂದ’ ಕೇಳಿಸಿತು. ಆ ಕೃದಂತಕ್ಕೆ ಕರ್ತೃವಾಗಿ ಕಾಳೂ, ಬೇಯಿಸುವುದಕ್ಕೆ ಮುದುಕಿಯೂ, ಉಣ್ಣುವುದಕ್ಕೆ ರಾಜನೂ ಅನಂತರ ಬಂದರೆಂದು ನಾವು ಊಹಿಸುತ್ತೇವೆ.