ಸುಕ್ಕಿಲ್ಲದ ಕೌದಿಯ ಗುಟ್ಟು

ಸುಗ್ಗಿ ಮುಗಿದು ಹೊಲದ ಕೆಲಸ ಕಡಿಮೆಯಾದ ದಿನಗಳಲ್ಲಿ ಯಲಬುರ್ಗಾ ಸೀಮೆಯ ಮನೆಗಳ ಪಡಸಾಲೆಯಲ್ಲಿ ಹಳೆಯ ಬಟ್ಟೆಯ ಗಂಟು ಬಿಚ್ಚಿಕೊಳ್ಳುತ್ತದೆ. ಸವೆದ ಇಳಕಲ್ ಸೀರೆ, ಹರಿದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಕುಪ್ಪಸದ ತುಂಡು ಎಲ್ಲವೂ ಸೇರಿ ಕೌದಿಯಾಗುತ್ತವೆ. ಹಾಸಲು, ಹೊದೆಯಲು, ತೊಟ್ಟಿಲಿಗೆ ಹಾಕಲು ಅದೇ. ನೋಡುವವರ ಕಣ್ಣು ಮೊದಲು ಹೋಗುವುದು ಬಣ್ಣದ ತುಂಡುಗಳ ಮೇಲೆ. ಹೊಲಿಯಬಲ್ಲವರು ಮಾತ್ರ ಅಂಗೈ ಆಡಿಸಿ ನೋಡುತ್ತಾರೆ. ಎಲ್ಲಾದರೂ ಸುಕ್ಕು ತಾಗಿತೋ, ಕೆಲಸ ಕೆಟ್ಟಿತೆಂದೇ ಲೆಕ್ಕ. ಹಸುಗೂಸಿನ ಮೈಗೆ ಅದು ಒತ್ತುತ್ತದೆ. ಒಗೆಯುವಾಗ ಉಬ್ಬಿದ ಜಾಗವೇ ಮೊದಲು ಸವೆಯುತ್ತದೆ.

ಎರಂಬರಗೆ ಎಂಬ ಹೆಸರಿನಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ ಊರು ಈ ಯಲಬುರ್ಗಾ. ಅರಸರ ಶಾಸನಗಳು ಕಲ್ಲಿನಲ್ಲಿ ಉಳಿದಿವೆ. ಆದರೆ ಬಟ್ಟೆಗೆ ಅಂಥ ಆಯುಷ್ಯವಿಲ್ಲ. ಹರಿದ ಕೌದಿ ಮುಂದಿನ ಕೌದಿಯ ಹೊಟ್ಟೆ ಸೇರುತ್ತದೆ. ಹೀಗಾಗಿ ಇದರ ಚರಿತ್ರೆಯನ್ನು ಹುಡುಕಬೇಕಾದದ್ದು ಪದದಲ್ಲಿ ಮತ್ತು ಹೊಲಿಗೆಯ ಕ್ರಮದಲ್ಲಿ. ಚಿಂದಿ ಸೇರಿಸಿ ಹೊಲಿದ ಬಟ್ಟೆಗೆ ಸಂಸ್ಕೃತದಲ್ಲಿ ‘ಕಂಥಾ’ ಎನ್ನುತ್ತಾರೆ. ಬಂಗಾಳದ ಪ್ರಸಿದ್ಧ ಕಾಂಥಾ ಹೊಲಿಗೆಯ ಹೆಸರೂ ಅದೇ. ಬಿಹಾರದ ಸುಜನಿ, ಸಿಂಧ್ ಪ್ರಾಂತದ ರಲ್ಲಿ, ಮರಾಠಿ ಸೀಮೆಯ ಗೋಧಡಿ ಇವೆಲ್ಲ ಕೌದಿಯ ದಾಯಾದಿಗಳೇ ಎನ್ನಬಹುದು.

ಎರೆಭೂಮಿಯ ಈ ಸೀಮೆಯಲ್ಲಿ ಹತ್ತಿ ಹೊಸದೇನಲ್ಲ. ಆದರೂ ಕೌದಿಯೊಳಗೆ ಹತ್ತಿ ತುಂಬುವುದಿಲ್ಲ. ಪಿಂಜಾರರು ಹಿಂಜಿದ ಹತ್ತಿ ಗಾದಿಗೆ ಹೋಗುತ್ತದೆ. ಕೌದಿಯನ್ನು ಹಳ್ಳಕ್ಕೆ ಒಯ್ದು ಬಡಿದು ಒಗೆಯಬೇಕಾದ್ದರಿಂದ ಹತ್ತಿಯಿದ್ದರೆ ಉಂಡೆಗಟ್ಟುತ್ತದೆ. ಅದಕ್ಕಾಗಿ ಒಳಗೂ ಹಳೆಯ ಬಟ್ಟೆಯದೇ ಪದರ. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಹೊಸ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗಿ ಹೊಲಿಗೆಯನ್ನು ಎಳೆಯುತ್ತದೆ. ನೂರು ಸಲ ಒಗೆದ ಸೀರೆ ಇನ್ನು ಕುಗ್ಗುವುದೆಲ್ಲಿಗೆ? ಬಡತನದ ಉಳಿತಾಯವೆಂದು ತೋರುವುದರ ಹಿಂದೆ ಬಟ್ಟೆಯ ಗುಣ ಬಲ್ಲ ಲೆಕ್ಕಾಚಾರವಿದೆ.

ಸುಕ್ಕು ಬೀಳುವುದು ಮುಖ್ಯವಾಗಿ ಪದರಗಳು ಒಂದರ ಮೇಲೊಂದು ಸರಿದಾಗ ಮತ್ತು ದಾರವನ್ನು ಬಿಗಿಯಾಗಿ ಜಗ್ಗಿದಾಗ. ಪಶ್ಚಿಮ ದೇಶಗಳಲ್ಲಿ ಮೇಲಿನ ತುಂಡುಬಟ್ಟೆಯನ್ನು ಮೊದಲೇ ಪೂರ್ತಿ ಜೋಡಿಸಿ, ನಡುವೆ ಹತ್ತಿಯ ಹಾಳೆ, ಕೆಳಗೆ ಅಸ್ತರ ಇಟ್ಟು, ಮೂರನ್ನೂ ಉದ್ದುದ್ದ ಕಚ್ಚಾ ಹೊಲಿಗೆಯಿಂದಲೋ ಪಿನ್ನುಗಳಿಂದಲೋ ಹಿಡಿದಿಡುತ್ತಾರೆ. ನಂತರ ಸಾಮಾನ್ಯವಾಗಿ ನಡುವಿನಿಂದ ಅಂಚಿನ ಕಡೆಗೆ ಹೊಲಿಯುತ್ತಾರೆ. ಮಿಕ್ಕ ಸಡಿಲು ಅಂಚಿಗೆ ಬಂದು ಕಳೆದುಹೋಗುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರದು ಇದಕ್ಕೆ ತಿರುಗುಮುರುಗಾದ ದಾರಿ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿಯಾದ ಇವರು ತಮ್ಮ ಕೌದಿಯನ್ನು ‘ಕವಂದಿ’ ಎನ್ನುತ್ತಾರೆ. ಅಸ್ತರವನ್ನು ನೆಲಕ್ಕೆ ಹಾಸಿ ಅಂಚು ಮಡಚಿ, ಮೂಲೆಯಿಂದ ಹೊಲಿಗೆ ಹಿಡಿದು ಸುತ್ತ ಬರುತ್ತ ನಡುವಿಗೆ ಸಾಗುತ್ತಾರೆ. ಹಾಗಾದರೆ ಸಡಿಲೆಲ್ಲ ನಡುವೆ ಗುಡ್ಡೆಯಾಗಬೇಕಲ್ಲ! ಆಗುವುದಿಲ್ಲ. ಕಾರಣವಿಷ್ಟೇ: ಮೇಲಿನ ಬಟ್ಟೆ ಮೊದಲೇ ಸಿದ್ಧವಾಗಿರುವುದಿಲ್ಲ. ಹೊಲಿಗೆ ಬಂದಂತೆ ಒಂದೊಂದೇ ತುಂಡು ಇಟ್ಟು, ಅಂಗೈಯಿಂದ ಸವರಿ, ಹೆಚ್ಚಾದದ್ದನ್ನು ಒಳಕ್ಕೆ ಮಡಚುತ್ತಾರೆ. ಸಡಿಲು ಆಗಿಂದಾಗಲೇ ಮಡಿಕೆಯೊಳಗೆ ಕರಗುತ್ತದೆ. ಕಚ್ಚಾ ಹೊಲಿಗೆ ಮಾಡುವ ಕೆಲಸವನ್ನು ಇಲ್ಲಿ ಅಂಗೈ ಮಾಡುತ್ತದೆ. ಕೊನೆಗೆ ನಾಲ್ಕು ಮೂಲೆಗೆ ‘ಫುಲ’ ಎಂಬ ಮಡಿಸಿದ ತುಂಡು ಇಡದಿದ್ದರೆ ಕವಂದಿ ಬೆತ್ತಲೆ ಎಂಬುದು ಅವರ ನಂಬಿಕೆ. ಅಮೆರಿಕದ ವಿದ್ವಾಂಸ ಹೆನ್ರಿ ಡ್ರೂವಲ್ ಈ ಕಲೆಯನ್ನು ಅಧ್ಯಯನ ಮಾಡಿದವರು. 2011ರಲ್ಲಿ ಕವಂದಿಗಳು ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಬಯಲುಸೀಮೆಯ ಕೌದಿಗೆ ಅಂಥ ಭಾಗ್ಯ ಕಡಿಮೆ.

ಬಯಲುಸೀಮೆಯಲ್ಲಿಯೂ ಸಾಲು ಹೊಲಿಗೆ ಅಂಚಿನಿಂದ ಒಳಕ್ಕೆ ಸಾಗುವುದುಂಟು. ದೊಡ್ಡ ಕೌದಿಯಾದರೆ ಮೊದಲು ಅಲ್ಲಲ್ಲಿ ಉದ್ದ ಟಾಕಾ ಹಾಕಿ ಪದರಗಳನ್ನು ಹಿಡಿದಿಟ್ಟು, ಆಮೇಲೆ ಬಿಚ್ಚುತ್ತಾರೆ. ಇಳಕಲ್ ಸೀರೆಯ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಒಡಲು ನೂಲಿನದು, ಸೆರಗು ರೇಷ್ಮೆಯದು. ಎರಡೂ ಒಂದೇ ರೀತಿ ಎಳೆತ ತಾಳುವುದಿಲ್ಲ.

ಈಗಿನ ತೊಡಕು ಬೇರೆ. ಮನೆಯ ಗಂಟಿನಲ್ಲಿ ನೂಲಿನ ಸೀರೆಗಿಂತ ಪಾಲಿಯೆಸ್ಟರ್ ಸೀರೆಗಳೇ ಹೆಚ್ಚು. ಒರಟಾದ ಹಳೆಯ ನೂಲಿನ ಬಟ್ಟೆ ಒಂದನ್ನೊಂದು ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ. ಎರಡು ಜಾರುವ ಸೀರೆಗಳ ನಡುವೆ ಒಂದು ಹಳೆಯ ಧೋತರ ಹಾಸಿದರೆ ಪದರಗಳು ಅಷ್ಟಾಗಿ ಸರಿಯುವುದಿಲ್ಲ. ಇನ್ನು ಹೊಲಿಗೆಯಂತ್ರದ ಕೌದಿಯದು ಬೇರೆಯೇ ಪಾಡು. ಕೆಳಗಿನ ಹಲ್ಲುಗಳು ತಳದ ಪದರವನ್ನು ಮುಂದಕ್ಕೆ ಎಳೆಯುತ್ತವೆ, ಮೇಲಿನದು ಹಿಂದೆ ಉಳಿಯುತ್ತದೆ. ಅಂಗೈ ಸವರಲು ಅಲ್ಲಿ ಎಡೆಯಿಲ್ಲ. ಆದ್ದರಿಂದ ಯಂತ್ರಕ್ಕೆ ಕೊಡುವ ಮುನ್ನ ಗೇಣಿಗೊಂದರಂತೆ ಟಾಕಾ ಹಾಕಲೇಬೇಕು.