ಕಟಕಟೆ ಏರಿದ ಪ್ರಾರ್ಥನೆ

ಕುಡಿತ ಬಿಡಿಸುವುದು ಸರ್ಕಾರದ ಕೆಲಸವೋ ದೇವರ ಕೆಲಸವೋ ಎಂಬ ಪ್ರಶ್ನೆಯನ್ನು ಅಮೆರಿಕದಷ್ಟು ದೀರ್ಘಕಾಲ ಎಳೆದಾಡಿದ ದೇಶ ಬಹುಶಃ ಇನ್ನೊಂದಿಲ್ಲ.

1826ರಲ್ಲಿ ಬಾಸ್ಟನ್ ನಗರದಲ್ಲಿ ಪಾನನಿರೋಧ ಸಂಘ ಹುಟ್ಟಿದಾಗ ಅದರ ಬೆನ್ನಿಗೆ ಪ್ರೊಟೆಸ್ಟೆಂಟ್ ಪಾದ್ರಿಗಳಿದ್ದರು. 1874ರಲ್ಲಿ ಮಹಿಳೆಯರ ಕ್ರೈಸ್ತ ಪಾನನಿರೋಧ ಒಕ್ಕೂಟ ಸ್ಥಾಪನೆಯಾಯಿತು. ಗಂಡ ಕೂಲಿಯನ್ನೆಲ್ಲ ಹೆಂಡದಂಗಡಿಗೆ ಸುರಿದು ಬಂದರೆ, ಮತದ ಹಕ್ಕೂ ಇಲ್ಲದ ಹೆಂಡತಿಗೆ ಪ್ರಾರ್ಥನೆ ಬಿಟ್ಟು ಬೇರೆ ಆಯುಧವಿರಲಿಲ್ಲ. ಆ ಪ್ರಾರ್ಥನೆಯೇ ಕ್ರಮೇಣ ರಾಜಕೀಯ ಬೇಡಿಕೆಯಾಯಿತು. 1920ರ ಜನವರಿಯಿಂದ ಇಡೀ ದೇಶದಲ್ಲಿ ಪಾನನಿಷೇಧ ಜಾರಿಗೆ ಬಂತು. ಚರ್ಚಿನ ಪೂಜೆಯ ದ್ರಾಕ್ಷಾರಸಕ್ಕೆ ಮಾತ್ರ ಕಾನೂನಿನಲ್ಲೇ ವಿನಾಯಿತಿ ಇತ್ತು! ಕಳ್ಳಭಟ್ಟಿ, ಕಳ್ಳಸಾಗಣೆಗಳ ನಡುವೆ ಹದಿಮೂರು ವರ್ಷ ಏದುಸಿರು ಬಿಟ್ಟ ಈ ಕಾನೂನು 1933ರ ಡಿಸೆಂಬರ್‌ನಲ್ಲಿ ರದ್ದಾಯಿತು.

ಈ ಗದ್ದಲದಲ್ಲಿ ಒಂದು ಸಂಗತಿ ಮರೆತೇಹೋಗಿತ್ತು. ಮದ್ಯವನ್ನು ನಿಷೇಧಿಸಿದವರು ಮದ್ಯವ್ಯಸನಿಯನ್ನು ಏನು ಮಾಡಬೇಕೆಂದು ಹೆಚ್ಚು ಯೋಚಿಸಿರಲಿಲ್ಲ. ಯೋಚಿಸಿದವರು ಬೇರೆಯವರು. ಸಿಂಗ್ ಸಿಂಗ್ ಸೆರೆಮನೆಯಲ್ಲಿ ಶಿಕ್ಷೆ ಉಂಡು ಬಂದಿದ್ದ ಕಳ್ಳ, ಕುಡುಕ ಜೆರ್ರಿ ಮೆಕಾಲೆ 1872ರಲ್ಲಿ ನ್ಯೂಯಾರ್ಕಿನ ವಾಟರ್ ಸ್ಟ್ರೀಟಿನಲ್ಲಿ ಬಿದ್ದವರಿಗಾಗಿ ಒಂದು ಪ್ರಾರ್ಥನಾಗೃಹ ತೆರೆದ. ಎದ್ದುನಿಂತ ಕುಡುಕನೇ ಬಿದ್ದ ಕುಡುಕನಿಗೆ ಸಾಕ್ಷಿ ನುಡಿಯುವ ಪದ್ಧತಿ ಅಲ್ಲಿ ಬೆಳೆಯಿತು.

ಈ ಪದ್ಧತಿಗೆ ಹೊಸ ರೂಪ ಸಿಕ್ಕಿದ್ದು ಓಹಾಯೊ ರಾಜ್ಯದ ಆಕ್ರನ್‌ನಲ್ಲಿ. ಷೇರುಪೇಟೆಯ ವ್ಯವಹಾರಸ್ಥ ಬಿಲ್ ವಿಲ್ಸನ್ ಕುಡಿತದಿಂದ ಸರ್ವನಾಶದ ಅಂಚಿಗೆ ಬಂದು, 'ಆಕ್ಸ್‌ಫರ್ಡ್ ಗ್ರೂಪ್' ಎಂಬ ಕ್ರೈಸ್ತ ಬಳಗದ ಪ್ರಭಾವದಿಂದ ಕುಡಿತ ಬಿಟ್ಟಿದ್ದರು. ತಪ್ಪೊಪ್ಪಿಗೆ, ನೋಯಿಸಿದವರಲ್ಲಿ ಕ್ಷಮೆ ಕೇಳಿ ನಷ್ಟ ತುಂಬಿಕೊಡುವುದು, ದೇವರಿಗೆ ಶರಣಾಗುವುದು ಆ ಬಳಗದ ಸಾಧನೆಯ ಮಾರ್ಗ. 1935ರ ಮೇ ತಿಂಗಳಲ್ಲಿ ಆಕ್ರನ್‌ಗೆ ಬಂದ ವಿಲ್ಸನ್ನರ ವ್ಯವಹಾರ ಕೆಟ್ಟಿತು. ಹೋಟೆಲಿನಲ್ಲಿ ಒಂದೆಡೆ ಬಾರಿನ ನಗು, ಇನ್ನೊಂದೆಡೆ ಚರ್ಚುಗಳ ಪಟ್ಟಿ. ಅವರು ಪಟ್ಟಿ ನೋಡಿ ಒಬ್ಬ ಪಾದ್ರಿಗೆ ಫೋನು ಮಾಡಿದರು. ಅದರ ಎಳೆ ಹಿಡಿದು ಹೋದಾಗ ಕುಡಿತ ಬಿಡಲಾಗದೆ ಒದ್ದಾಡುತ್ತಿದ್ದ ಶಸ್ತ್ರವೈದ್ಯ ಡಾ. ರಾಬರ್ಟ್ ಸ್ಮಿತ್ ಸಿಕ್ಕಿದರು. ಸ್ಮಿತ್ ಕಡೆಯ ಗುಟುಕು ಕುಡಿದ ಜೂನ್ 10, 'ಆಲ್ಕೊಹಾಲಿಕ್ಸ್ ಅನಾನಿಮಸ್' ಸಂಸ್ಥೆಯ ಹುಟ್ಟುಹಬ್ಬವಾಯಿತು.

1939ರಲ್ಲಿ ಸಂಸ್ಥೆಯ ಪುಸ್ತಕ ಅಚ್ಚಿಗೆ ಹೋಗುವ ಮುನ್ನ ಹನ್ನೆರಡು ಹೆಜ್ಜೆಗಳ ಬಗ್ಗೆ ಬಿಸಿಬಿಸಿ ಚರ್ಚೆ ನಡೆಯಿತು. ಕೆಲವರಿಗೆ ಕ್ರೈಸ್ತ ಮಾತು ಇನ್ನೂ ಬೇಕಿತ್ತು. ದೇವರನ್ನು ನಂಬದವರಿಗೆ ಇದ್ದದ್ದೇ ಹೆಚ್ಚಾಗಿತ್ತು. ಕೊನೆಗೆ ಮೊಣಕಾಲೂರುವ ಮಾತು ಬಿಟ್ಟುಹೋಯಿತು. ದೇವರ ಜೊತೆಗೆ, ಅವರವರು ತಿಳಿದುಕೊಂಡಂತೆ ಎಂಬ ಅರ್ಥದ ವಿಶೇಷಣ ಸೇರಿತು. ಕ್ಯಾಥೊಲಿಕರಿಗೂ ಬಾಗಿಲು ತೆರೆಯಿತು. ಅದೇ ವರ್ಷ ಆಕ್ರನ್‌ನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಷಿಯಾ ಕುಡುಕರನ್ನು ರೋಗಿಗಳೆಂದೇ ದಾಖಲಿಸಿಕೊಳ್ಳತೊಡಗಿದರು. ಪಾಪಿ ಎನಿಸಿಕೊಂಡವನು ರೋಗಿಯಾದದ್ದು ಒಬ್ಬ ಸನ್ಯಾಸಿನಿಯ ಕೈಯಲ್ಲಿ ಎಂಬುದು ಗಮನಾರ್ಹ.

ಪಾನನಿಷೇಧದ ಪಾಠ ಕಣ್ಣೆದುರೇ ಇದ್ದುದರಿಂದ ಸಂಸ್ಥೆ ರಾಜಕೀಯದಿಂದ ದೂರ ನಿಂತಿತು. ಹೊರಗಿನವರ ಹಣ ಬೇಡ, ಸಾರ್ವಜನಿಕ ವಿವಾದಗಳಲ್ಲಿ ಅಭಿಪ್ರಾಯ ಬೇಡ ಎಂದು 1950ರಲ್ಲಿ ಅದು ವಿಧಿಸಿಕೊಂಡ ನಿಯಮ ಜಾಣತನದ್ದೇ. ಆದರೆ ಸಂಸ್ಥೆ ಸರ್ಕಾರದ ಬಳಿ ಹೋಗದಿದ್ದರೂ ಸರ್ಕಾರವೇ ಅದರ ಬಳಿಗೆ ಬಂತು. ಸ್ವತಃ ಕುಡಿತದಿಂದ ಪಾರಾಗಿದ್ದ, ದೈವಭಕ್ತ ಮೆಥಡಿಸ್ಟ್ ಸೆನೆಟರ್ ಹೆರಾಲ್ಡ್ ಹ್ಯೂಸ್ 1969ರಲ್ಲಿ ನಡೆಸಿದ ವಿಚಾರಣೆಯಲ್ಲಿ ವಿಲ್ಸನ್ ಕೂಡ ಸಾಕ್ಷ್ಯ ನುಡಿದರು. 1970ರ ಕೊನೆಯ ದಿನ ಅಧ್ಯಕ್ಷರ ಅಂಕಿತ ಪಡೆದ ಕಾನೂನು ವ್ಯಸನಿಗಳ ಚಿಕಿತ್ಸೆಯನ್ನು ಕೇಂದ್ರ ಸರ್ಕಾರದ ಹೊಣೆಯಾಗಿಸಿತು.

ಮುಂದೆ ನ್ಯಾಯಾಲಯಗಳೂ ಸೆರೆಮನೆಗಳೂ ಅಪರಾಧಿಗಳನ್ನು ಹನ್ನೆರಡು ಹೆಜ್ಜೆಗಳ ಸಭೆಗಳಿಗೆ ಕಳಿಸತೊಡಗಿದವು. ಹೆಸರು ಹೇಳದಿರುವುದೇ ವ್ರತವಾಗಿದ್ದ ಸಭೆಗಳಲ್ಲಿ ಹಾಜರಾತಿ ಚೀಟಿಗೆ ಸಹಿ ಬೀಳತೊಡಗಿತು! ಸ್ವಂತ ಇಚ್ಛೆಯಿಂದ ಮಾಡಿದಾಗ ಮಾತ್ರ ಶರಣಾಗತಿಗೆ ಅರ್ಥವಿದೆ. ಆಜ್ಞೆಯಿಂದ ಮಾಡಿಸಿದರೆ ಅದು ಹಾಜರಾತಿಯಷ್ಟೇ. 1996ರಲ್ಲಿ ನ್ಯೂಯಾರ್ಕಿನ ಅತ್ಯುಚ್ಚ ನ್ಯಾಯಾಲಯ ಇಂಥದೊಂದು ಮೊಕದ್ದಮೆಯನ್ನು ಇತ್ಯರ್ಥ ಮಾಡಿತು. ಈ ಸಭೆಗೆ ಹೋದರೆ ಮಾತ್ರ ಕುಟುಂಬದವರೊಡನೆ ಕೆಲಕಾಲ ಕಳೆಯುವ ಸವಲತ್ತು ಎಂದು ಸೆರೆಮನೆ ಹೇಳಿತ್ತು. ದೇವರನ್ನು ನಂಬದ ಕೈದಿಗೆ ಹಾಗೆ ಹೇಳುವುದು ಸಂವಿಧಾನವಿರೋಧಿ ಎಂದಿತು ತೀರ್ಪು.

ಈ ಸಭೆಗಳಿಂದ ಪ್ರಯೋಜನವಿಲ್ಲವೆಂದು ಇದರ ಅರ್ಥವಲ್ಲ. 27 ಅಧ್ಯಯನಗಳ 10,565 ಮಂದಿಯ ವಿವರಗಳನ್ನು ಪರಿಶೀಲಿಸಿದ 2020ರ ಕೊಕ್ರೇನ್ ವರದಿ, ಕುಡಿತವನ್ನು ಪೂರ್ತಿ ಬಿಟ್ಟಿರುವ ಮಟ್ಟಿಗೆ ಈ ಮಾರ್ಗಕ್ಕೆ ಒಯ್ಯುವ ವ್ಯವಸ್ಥಿತ ಚಿಕಿತ್ಸೆ ಇತರ ಚಿಕಿತ್ಸೆಗಳಿಗಿಂತ ಮೇಲೆಂದು ಕಂಡಿತು. ನ್ಯಾಯಾಧೀಶರ ಸಂಕಟ ಇರುವುದು ಇಲ್ಲಿಯೇ. ಗುಣ ಕೊಡುವ ಮದ್ದು ಕಣ್ಣೆದುರಿಗಿದೆ, ಅದರೊಳಗೆ ಪ್ರಾರ್ಥನೆಯೂ ಇದೆ.

ಹವಾಯಿಯ ಬೌದ್ಧನೊಬ್ಬ ಮಾದಕವಸ್ತುವಿನ ಅಪರಾಧದಲ್ಲಿ ಸೆರೆವಾಸ ಕಂಡು ಪೆರೋಲ್ ಪಡೆಯುವ ಮುನ್ನವೇ, ಇಂಥ ಸಭೆಗೆ ತನ್ನನ್ನು ಕಳಿಸಬಾರದೆಂದು ಆಕ್ಷೇಪ ಎತ್ತಿದ್ದ. ಆದರೂ ಕಳಿಸಿದರು. ಆತ ಒಲ್ಲೆನೆಂದಾಗ ಮತ್ತೆ ಸೆರೆಮನೆ ಸೇರಬೇಕಾಯಿತು. ಹಾಗೆ ಬಲವಂತ ಮಾಡಬಾರದೆಂಬುದು ಪೆರೋಲ್ ಅಧಿಕಾರಿಗೆ ತಿಳಿದಿರಲೇಬೇಕಿತ್ತೆಂದು 2007ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು. ಅಷ್ಟು ಹೊತ್ತಿಗೆ ಆತ ತೀರಿಕೊಂಡಿದ್ದ. ಮೊಕದ್ದಮೆಯನ್ನು ಮುಂದುವರಿಸಿದವನು ಅವನ ಮಗ.